ಮೊಸಳೆ ಬಂದರಷ್ಟೇ ಡಾಂಬರೇ?

2019ರ ಸೆಪ್ಟೆಂಬರ್ ಮೊದಲ ವಾರ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಲು ದಿನಗಣನೆ ನಡೆದಿತ್ತು. ಅದೇ ಹೊತ್ತಿಗೆ ಗಗನಯಾತ್ರಿಯೊಬ್ಬ ಕುಳಿಗಳ ನಡುವೆ ನಿಧಾನವಾಗಿ ತೇಲಿದಂತೆ ನಡೆಯುವ ವಿಡಿಯೊ ಎಲ್ಲರ ಮೊಬೈಲ್‌ಗೂ ಬಂತು. ನೋಡನೋಡುತ್ತಿದ್ದಂತೆ ಅವನ ಪಕ್ಕದಲ್ಲೇ ಆಟೊವೊಂದು ಹಾದುಹೋಯಿತು! ಆ 'ಚಂದ್ರ' ಇದ್ದದ್ದು ಬೆಂಗಳೂರಿನ ಹೇರೋಹಳ್ಳಿಯಲ್ಲಿ. ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಈ ಕಲ್ಪನೆಗೆ ಗಗನಯಾತ್ರಿಯ ವೇಷ ತೊಟ್ಟವರು ನಟ ಪೂರ್ಣಚಂದ್ರ ಮೈಸೂರು. ದೇಶವೆಲ್ಲ ನಕ್ಕಿತು. ಮರುದಿನವೇ ಪಾಲಿಕೆಯವರು ಗುಂಡಿ ಮುಚ್ಚಲು ಬಂದರು.

ಬಾದಲ್ ಅವರಿಗೆ ಇದು ಮೊದಲ ಸಲವೇನೂ ಆಗಿರಲಿಲ್ಲ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ದೊಡ್ಡ ಗುಂಡಿಯ ಸುತ್ತ ಹಸಿರು ಬಣ್ಣ ಬಳಿದು ಕೆರೆ ಮಾಡಿ, ಅದರಲ್ಲಿ ಸುಮಾರು 20 ಕೆ.ಜಿ. ತೂಕದ ಮೊಸಳೆ ಬಿಟ್ಟಿದ್ದರು. ಅದಕ್ಕಾಗಿ ಕೈಯಿಂದ ಆರು ಸಾವಿರ ರೂಪಾಯಿ ಖರ್ಚು ಮಾಡಿದ್ದರು. ಆ ರಸ್ತೆಯೂ ದುರಸ್ತಿಯಾಯಿತು. 2017ರಲ್ಲಿ ನಟಿ ಸೋನು ಗೌಡ ಮತ್ಸ್ಯಕನ್ಯೆಯಾಗಿ ಗುಂಡಿಯ ನೀರಿನಲ್ಲಿ ಕುಳಿತರು. ಆಮೇಲೆ ಬಂದದ್ದು ಚಂದ್ರಲೋಕ.

ಇವೆಲ್ಲವನ್ನೂ ನಾವು 'ಸಕ್ಸಸ್ ಸ್ಟೋರಿ' ಎಂದು ಹಂಚಿಕೊಳ್ಳುತ್ತೇವೆ. ಆದರೆ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 2015, 2017, 2019. ಒಬ್ಬ ಕಲಾವಿದ ಪ್ರತಿ ಸಲ ಹೊಸ ವೇಷ ಹುಡುಕಬೇಕಾಯಿತು ಎಂದರೆ ಸರಿಹೋದದ್ದು ಆಯಾ ಗುಂಡಿ ಮಾತ್ರ, ಗುಂಡಿ ಹುಟ್ಟುವ ವ್ಯವಸ್ಥೆ ಹಾಗೆಯೇ ಉಳಿದಿದೆ ಎಂದೇ ಅರ್ಥ. ಆಡಳಿತ ಓಡೋಡಿ ಬಂದದ್ದು ಅಪಾಯಕ್ಕೆ ಹೆದರಿ ಅಲ್ಲ, ಮುಜುಗರಕ್ಕೆ ಹೆದರಿ. ಮುಜುಗರಕ್ಕೆ ಕ್ಯಾಮೆರಾ ಬೇಕು. ಹಾಗಾದರೆ ಕಲಾವಿದರಿಲ್ಲದ ಬಡಾವಣೆಯ, ವೈರಲ್ ಆಗದ ಊರಿನ ಗುಂಡಿಯ ಗತಿ ಏನು? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಗುಂಡಿಗಳಿಂದಾದ ಅಪಘಾತಗಳಲ್ಲಿ ಸತ್ತವರು 1,856 ಮಂದಿ. ಅಪಘಾತ ವೈರಲ್ ಆದ ಗುಂಡಿಯಲ್ಲೇ ಆಗಬೇಕೆಂದಿಲ್ಲವಲ್ಲ.

ಅವಸರದ ದುರಸ್ತಿಯಲ್ಲಿ ಇನ್ನೊಂದು ತೊಂದರೆಯೂ ಇದೆ. ಡಾಂಬರು ರಸ್ತೆಯ ದೊಡ್ಡ ಶತ್ರು ನೀರು. ಬಿರುಕಿನಲ್ಲಿ ಇಳಿದ ನೀರು ಜಲ್ಲಿಗೂ ಡಾಂಬರಿಗೂ ಇರುವ ಬೆಸುಗೆಯನ್ನು ಬಿಡಿಸುತ್ತದೆ, ಮೇಲೆ ಹೋಗುವ ವಾಹನದ ಭಾರ ಉಳಿದ ಕೆಲಸ ಮುಗಿಸುತ್ತದೆ. ಸರಿಯಾಗಿ ಮುಚ್ಚಬೇಕೆಂದರೆ ಗುಂಡಿಯ ಅಂಚನ್ನು ನೇರವಾಗಿ ಕತ್ತರಿಸಿ, ಒಳಗಿನ ಮಣ್ಣು-ನೀರು ತೆಗೆದು, ತೆಳುವಾಗಿ ಡಾಂಬರು ಸವರಿ, ಬಿಸಿ ಮಿಶ್ರಣ ತುಂಬಿ ಚೆನ್ನಾಗಿ ರೋಲ್ ಮಾಡಬೇಕು. ಪಕ್ಕದ ಚರಂಡಿಯಲ್ಲಿ ನೀರು ಸರಾಗವಾಗಿ ಹರಿಯಬೇಕು. ನಾಳೆಯ ಪತ್ರಿಕೆಗೆ ಫೋಟೊ ಬೇಕೆಂದು ಗಡಿಬಿಡಿಯಲ್ಲಿ ಸುರಿದ ಜಲ್ಲಿ ಮುಂದಿನ ಮಳೆಗೆ ಎದ್ದುಬರುತ್ತದೆ.

ಹಾಗಾದರೆ ಇಂಥ ಪ್ರಯೋಗಗಳು ವ್ಯರ್ಥವೇ? ಖಂಡಿತ ಅಲ್ಲ. ದೂರು ಅರ್ಜಿಗೆ ಇಲ್ಲದ ಶಕ್ತಿ ನಗುವಿಗಿದೆ. ಆದರೆ ನಕ್ಕ ಮೇಲೆ ಏನು ಮಾಡುತ್ತೇವೆ ಎನ್ನುವುದು ಮುಖ್ಯ. ಇದಕ್ಕೆ ಬೇರೆ ದೇಶಗಳ ಎರಡು ಉದಾಹರಣೆ ನೋಡಬಹುದು.

ರಷ್ಯಾದ ಯೆಕಟೆರಿನ್‌ಬರ್ಗ್‌ನಲ್ಲಿ 2012ರಲ್ಲಿ ಸ್ಥಳೀಯ ಸುದ್ದಿತಾಣವೊಂದು ರಾತ್ರೋರಾತ್ರಿ ಗುಂಡಿಗಳ ಸುತ್ತ ಗವರ್ನರ್, ಮೇಯರ್, ಉಪ ಮೇಯರ್ ಮುಖಗಳನ್ನು ಬರೆಸಿತು. ಗುಂಡಿಯೇ ಅವರ ಬಾಯಿ! ಮೊದಲು ಬಂದ ಕೆಲಸಗಾರರು ಗುಂಡಿ ಮುಚ್ಚದೆ ಚಿತ್ರವನ್ನಷ್ಟೇ ಅಳಿಸಲು ನೋಡಿದರು. ಸುದ್ದಿತಾಣದವರು ಅಲ್ಲಿಗೇ ಬಿಡದೆ ಅದನ್ನೂ ಚಿತ್ರೀಕರಿಸಿ ಪ್ರಕಟಿಸಿದರು. ಕೊನೆಗೆ ಗುಂಡಿಗಳು ಮುಚ್ಚಿದವು. ಗೆಲ್ಲಿಸಿದ್ದು ಚಿತ್ರವೊಂದೇ ಅಲ್ಲ, ಪಟ್ಟು ಬಿಡದೆ ಕಾದು ನೋಡಿದ್ದು.

ಪನಾಮಾ ನಗರದಲ್ಲಿ 2015ರಲ್ಲಿ ಟಿ.ವಿ. ವಾಹಿನಿಯೊಂದು ಗುಂಡಿಗಳಲ್ಲಿ ಪುಟ್ಟ ಸಾಧನ ಇರಿಸಿತು. ವಾಹನದ ಚಕ್ರ ಅದರ ಮೇಲೆ ಹರಿದಾಗ ಗುಂಡಿಯೇ ಲೋಕೋಪಯೋಗಿ ಸಚಿವಾಲಯಕ್ಕೆ ಟ್ವೀಟ್ ಮೂಲಕ ದೂರು ಕೊಡುತ್ತಿತ್ತು. ಇಲ್ಲಿ ತಮಾಷೆಯೂ ಇದೆ, ಲೆಕ್ಕವೂ ಇದೆ. ಒಂದು ಸಲ ನಕ್ಕು ಮರೆಯುವ ಬದಲು, ಪ್ರತಿ ಚಕ್ರಕ್ಕೂ ಒಂದು ದಾಖಲೆ.

ನಮ್ಮ ವಯಸ್ಸಿನವರ ಕೈಯಲ್ಲಿ ಕ್ಯಾಮೆರಾ ಇದೆ, ಎಡಿಟಿಂಗ್ ಗೊತ್ತಿದೆ. ರೀಲ್ಸ್‌ಗೆ ಹೊಸ ಐಡಿಯಾ ಹುಡುಕುವುದರಲ್ಲಂತೂ ನಮ್ಮನ್ನು ಮೀರಿಸುವವರಿಲ್ಲ. ಆದರೆ ಎರಡು ಲಕ್ಷ ವ್ಯೂಸ್ ಬಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಅಲ್ಲದೆ ಜನ ಬೇಗ ಒಗ್ಗಿಹೋಗುತ್ತಾರೆ. ಮೊಸಳೆ ಹಳತಾದರೆ ಮತ್ಸ್ಯಕನ್ಯೆ, ಅದೂ ಹಳತಾದರೆ ಚಂದ್ರ. ಮುಂದೇನು? ಗಮನ ಸೆಳೆಯಲು ಪ್ರತಿ ಸಲ ಹೆಚ್ಚು ಜೋರಾಗಿ ಕಿರುಚಬೇಕಾದ ಆಟವಿದು.

ಅದಕ್ಕೇ ರೀಲ್ಸ್ ಜೊತೆ ಒಂದು ಅರ್ಜಿಯೂ ಇರಲಿ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮ. ಈ ರಸ್ತೆಯ ಗುತ್ತಿಗೆದಾರ ಯಾರು? ದೋಷ ಕಂಡರೆ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದ ಹೊಣೆ ಅವರಿಗೆ ಎಷ್ಟು ವರ್ಷ ಇದೆ? ಆ ಅವಧಿ ಮುಗಿದಿದೆಯೇ? ಈ ಮೂರು ಪ್ರಶ್ನೆ ಕೇಳಿ. ಮುಚ್ಚಿದ ಗುಂಡಿಯನ್ನು ಮೂರು ತಿಂಗಳ ನಂತರ, ಒಂದು ಮಳೆಗಾಲದ ನಂತರ ಅದೇ ಜಾಗದಲ್ಲಿ ನಿಂತು ಮತ್ತೆ ಚಿತ್ರೀಕರಿಸಿ. ಎರಡನೆಯ ವಿಡಿಯೊಗೆ ಲೈಕ್ ಕಡಿಮೆ ಬರಬಹುದು. ಆದರೆ ಗುತ್ತಿಗೆದಾರರನ್ನು ಎಚ್ಚರಿಸುವುದು ಅದೇ.

ಬೆಂಗಳೂರಿನಲ್ಲಿ ಈಗ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಾಗಿವೆ. ಕಚೇರಿಗಳ ಹೆಸರು ಬದಲಾಗಿದೆ. ಕಲಾವಿದ ಮೊಸಳೆ ತಂದರಷ್ಟೇ ಡಾಂಬರು ಬರುತ್ತದೆ ಎನ್ನುವ ರೂಢಿಯೂ ಬದಲಾದರೆ ಬಾದಲ್ ಅವರಂಥವರು ಗುಂಡಿ ಬಿಟ್ಟು ಬೇರೆ ಚಿತ್ರ ಬರೆಯಬಹುದು. ಅಲ್ಲಿಯವರೆಗೆ ನಗೋಣ, ಹಂಚೋಣ. ಜೊತೆಗೆ ಅರ್ಜಿಯನ್ನೂ ಹಾಕೋಣ.