ಹೇರಿದ ಸಂಯಮ ಸಂಯಮವಲ್ಲ

ಚಿನ್ನದ ವ್ಯಾಮೋಹ ಒಳ್ಳೆಯದಲ್ಲವೆಂದು ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಅದನ್ನು ಅಲ್ಲಗಳೆಯುವವರು ವಿರಳ. ಆದರೆ ಆ ಹಿತವಚನವನ್ನು ಗುರುಹಿರಿಯರ ಬಾಯಿಂದ ಕಸಿದು ಅಧಿಕಾರಿಯ ಕೈಗೆ ಕೊಟ್ಟರೆ ಏನಾಗುತ್ತದೆಂಬುದನ್ನು ಭಾರತವು 27 ವರ್ಷಗಳ ಕಾಲ ಅನುಭವಿಸಿ ತಿಳಿದಿದೆ.

1962ರ ಚೀನಾ ಯುದ್ಧದ ಬೆನ್ನಲ್ಲೇ, 1963ರ ಜನವರಿಯಲ್ಲಿ, ಅಂದಿನ ಅರ್ಥಸಚಿವ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣವನ್ನು ಜಾರಿಗೆ ತಂದರು. 14 ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಆಭರಣಗಳ ತಯಾರಿಕೆಯನ್ನು ನಿಷೇಧಿಸಲಾಯಿತು. ವಿದೇಶಿ ವಿನಿಮಯದ ಉಳಿತಾಯ ಹಾಗೂ ಕಳ್ಳಸಾಗಣೆಯ ತಡೆ ಇದರ ಉದ್ದೇಶ. ಉದ್ದೇಶ ಒಳ್ಳೆಯದೇ, ಫಲ ಮಾತ್ರ ವಿಪರೀತ. ಕಳ್ಳಸಾಗಣೆ ನಿಲ್ಲಲಿಲ್ಲ, ನಿಂತದ್ದು ಬಡ ಅಕ್ಕಸಾಲಿಗನ ಕುಲುಮೆ. ತಂದೆಯಿಂದ ಮಗನಿಗೆ ಬಂದ ಕಸುಬನ್ನೇ ನಂಬಿದ್ದ ಅಸಂಖ್ಯಾತ ಕುಟುಂಬಗಳು ನಿರ್ಗತಿಕವಾದವು. 1966ರಲ್ಲಿ ಶುದ್ಧತೆಯ ನಿರ್ಬಂಧ ಸಡಿಲವಾಯಿತಾದರೂ, 1968ರ ಕಾಯಿದೆಯು ಪರವಾನಗಿ, ಲೆಕ್ಕಪತ್ರ, ತಪಾಸಣೆಗಳ ಬಲೆಯನ್ನು ಮುಂದುವರಿಸಿತು. ಅದರ ಹಲವು ವಿಧಿಗಳನ್ನು ಸರ್ವೋಚ್ಚ ನ್ಯಾಯಾಲಯವೇ 1969ರಲ್ಲಿ ಅಸಿಂಧುಗೊಳಿಸಿತು. ಕೊನೆಗೆ 1990ರಲ್ಲಿ ಕಾಯಿದೆಯೇ ರದ್ದಾಯಿತು.

ಈ ಅನುಭವವು ವ್ಯಕ್ತಿಸ್ವಾತಂತ್ರ್ಯವಾದದ ಸತ್ತ್ವವನ್ನು ತಿಳಿಸಿಕೊಡುತ್ತದೆ. ಮನುಷ್ಯನ ದೇಹ, ದುಡಿಮೆ ಹಾಗೂ ನ್ಯಾಯವಾಗಿ ಗಳಿಸಿದ ಸೊತ್ತು ಅವನವೇ. ಬಲಾತ್ಕಾರ, ಕಳವು, ವಂಚನೆಗಳನ್ನು ತಡೆದು, ಕೊಟ್ಟ ಮಾತಿನ ಕರಾರುಗಳನ್ನು ಪಾಲಿಸುವಂತೆ ಮಾಡುವುದಷ್ಟೇ ರಾಜ್ಯದ ಕೆಲಸ. ಅಮೆರಿಕದ ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಪ್ರತಿಪಾದಿಸಿದ್ದು ಸ್ಥೂಲವಾಗಿ ಇದನ್ನೇ. ಭಾರತದಲ್ಲಿ ಅದಕ್ಕೂ ಮೊದಲೇ, 1959ರಲ್ಲಿ, ರಾಜಾಜಿಯವರು ಸ್ವತಂತ್ರ ಪಕ್ಷವನ್ನು ಕಟ್ಟಿ ಪರ್ಮಿಟ್-ಲೈಸೆನ್ಸ್ ರಾಜ್ಯದ ವಿರುದ್ಧ ದನಿಯೆತ್ತಿದ್ದರು. ಅವರು ನೋಜಿಕ್‌ರಷ್ಟು ದೂರ ಹೋದವರಲ್ಲ. ಆದರೆ ಪ್ರಜೆಯ ಬದುಕಿನಲ್ಲಿ ಸರ್ಕಾರ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಇಬ್ಬರದೂ ಒಂದೇ.

ಕಾನೂನಿಲ್ಲದಿದ್ದರೆ ಬಲಿಷ್ಠರು ದುರ್ಬಲರನ್ನು ನುಂಗುವುದಿಲ್ಲವೇ ಎಂಬುದು ವಿರೋಧಿಗಳ ಆಕ್ಷೇಪ. ಈ ವಾದವು ಕಾನೂನನ್ನು ಬೇಡವೆನ್ನುವುದಿಲ್ಲ. ಅದರ ಎಲ್ಲೆಯನ್ನು ಗುರುತಿಸುತ್ತದೆ. 14 ಕ್ಯಾರೆಟ್ಟಿನ ಒಡವೆಯನ್ನು 22 ಕ್ಯಾರೆಟ್ಟಿನದೆಂದು ಮಾರುವವನು ವಂಚಕ; ಅವನನ್ನು ದಂಡಿಸುವುದು ರಾಜಧರ್ಮ. 22 ಕ್ಯಾರೆಟ್ಟಿನ ತಾಳಿಯನ್ನು 22 ಕ್ಯಾರೆಟ್ಟಿನದೆಂದೇ ಹೇಳಿ ಮಾಡಿಕೊಟ್ಟವನು ಯಾರಿಗೆ ದ್ರೋಹ ಬಗೆದ? ಇವರಿಬ್ಬರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವ ಕಾನೂನು ನ್ಯಾಯದ ವೇಷ ತೊಟ್ಟ ಬಲಾತ್ಕಾರವೇ ಸರಿ. ದುರ್ಬಲರ ಹೆಸರಿನಲ್ಲಿ ಬರುವ ಇಂತಹ ನಿರ್ಬಂಧಗಳ ಪೆಟ್ಟು ಮೊದಲು ಬೀಳುವುದೂ ದುರ್ಬಲರ ಮೇಲೆಯೇ. ಧನಿಕನಿಗೆ ವಕೀಲನಿದ್ದಾನೆ, ಪ್ರಭಾವವಿದೆ. ಅಕ್ಕಸಾಲಿಗನಿಗೆ ಇದ್ದದ್ದು ಚಿಮಟ, ಸುತ್ತಿಗೆಗಳು ಮಾತ್ರ.

ಸ್ವಾತಂತ್ರ್ಯವೊಂದಿದ್ದರೆ ಸಮಾಜ ತಾನಾಗಿಯೇ ಸಜ್ಜನರದಾಗುವುದೆಂದು ನಂಬುವುದು ಭ್ರಮೆ. ದಯೆಯಿಲ್ಲದ ಸ್ವಾತಂತ್ರ್ಯ ಶುಷ್ಕವೆಂಬುದೂ ನಿಜ. ಆದರೆ ದಯೆಯು ಕಾಯಿದೆಯ ಗರ್ಭದಲ್ಲಿ ಹುಟ್ಟುವುದಿಲ್ಲ. ಕಸಿದುಕೊಂಡದ್ದು ದಾನವಾಗದು, ಸೆರೆಮನೆಯ ಹಸಿವು ಉಪವಾಸವಾಗದು, ದಂಡದ ಭಯದಿಂದ ತೊರೆದದ್ದು ತ್ಯಾಗವಾಗದು. ಕೈಯಲ್ಲಿ ಹಿಡಿಯುವ ಸ್ವಾತಂತ್ರ್ಯವಿದ್ದವನು ಬಿಟ್ಟಾಗಲೇ ಅದಕ್ಕೆ ಬೆಲೆ. ಪ್ರಜೆಗಳನ್ನು ಒಳ್ಳೆಯವರನ್ನಾಗಿ ಮಾಡುತ್ತೇನೆಂದು ದಂಡ ಹಿಡಿದು ಹೊರಡುವ ಸರ್ಕಾರವು, ಅವರು ಒಳ್ಳೆಯವರಾಗುವ ಅವಕಾಶವನ್ನೇ ಕಸಿಯುತ್ತದೆ. ಯಾವುದೇ ಹೊಸ ನಿರ್ಬಂಧಕ್ಕೆ ಕೈಯೆತ್ತುವ ಮುನ್ನ ವಿವೇಕಿಗಳು ಆ ತಣ್ಣಗಾದ ಕುಲುಮೆಗಳನ್ನು ಒಮ್ಮೆ ನೆನೆಯಬೇಕು.