ಮರಿಗೆಮ್ಮನ ಮೊಮ್ಮಗಳು

ಸೂಲಗಿತ್ತಿ ನರಸಮ್ಮ ತೀರಿಕೊಂಡದ್ದು 2018ರ ಡಿಸೆಂಬರ್ 25ರಂದು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ. ಆಗ ಅವರಿಗೆ 98 ವರ್ಷ. ಅದೇ ವರ್ಷ ಪದ್ಮಶ್ರೀ ಬಂದಿತ್ತು. ಅದಕ್ಕೂ ಮೊದಲೇ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಬಾಳಿನುದ್ದಕ್ಕೂ ಮಾಡಿಸಿದ ಹೆರಿಗೆ 15,000ಕ್ಕೂ ಹೆಚ್ಚು ಎಂದು ಪತ್ರಿಕೆಗಳೆಲ್ಲ ಬರೆದವು. ಸಣ್ಣ ಸಾಧನೆಯಲ್ಲ, ನಿಜ. ಆದರೂ ಅವರನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆ ಅಂಕಿಯ ಕಡೆಗೆ ಹೋಗುವುದಿಲ್ಲ, ಅವರ ಅಜ್ಜಿ ಮರಿಗೆಮ್ಮನ ಕಡೆಗೆ ಹೋಗುತ್ತದೆ. ನರಸಮ್ಮನಿಗೆ ವಿದ್ಯೆ ಕಲಿಸಿದವರು ಆಕೆ.

ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಅದರ ಮೂರು ಕಡೆ ಆಂಧ್ರದ ಎಲ್ಲೆ. ಮಳೆ ಕಡಿಮೆ, ಬಾವಿಯ ನೀರಿನಲ್ಲಿ ಫ್ಲೋರೈಡ್. ಈಗ ಸೋಲಾರ್ ಪಾರ್ಕಿನಿಂದ ಹೆಸರಾಗಿರುವ ಈ ಸೀಮೆಯ ಕೃಷ್ಣಾಪುರದಲ್ಲಿ ನರಸಮ್ಮ ಬಾಳಿದರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹನ್ನೆರಡನೇ ವಯಸ್ಸಿಗೆ ಮದುವೆ. ಇಪ್ಪತ್ತರ ಹರೆಯದಲ್ಲಿ, 1940ರ ಸುಮಾರಿಗೆ, ಬಂಧುವೊಬ್ಬರಿಗೆ ಮೊದಲ ಹೆರಿಗೆ ಮಾಡಿಸಿದರು. ಊರಿಗೆ ಬಂದುಹೋಗುತ್ತಿದ್ದ ಅಲೆಮಾರಿಗಳಿಂದ ನಾರುಬೇರಿನ ಮದ್ದು ತಿಳಿದುಕೊಂಡರು. ತಮ್ಮ ಕೆಲಸಕ್ಕೆ ಯಾರ ಹತ್ತಿರವೂ ದುಡ್ಡು ತೆಗೆದುಕೊಂಡವರಲ್ಲ.

ಅವರು ಹೆತ್ತದ್ದು ಹನ್ನೆರಡು ಮಕ್ಕಳನ್ನು. ಅವುಗಳಲ್ಲಿ ಐದನ್ನು ಈ ಲೋಕಕ್ಕೆ ತಂದದ್ದು ಮರಿಗೆಮ್ಮನ ಕೈಗಳೇ. ನಾಲ್ಕು ಮಕ್ಕಳು ಎಳವೆಯಲ್ಲೇ ಹೋದವು. ಪ್ರಶಸ್ತಿ ಪತ್ರಗಳಲ್ಲಿ ಈ ಸಂಗತಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನನಗೆ ಮಾತ್ರ ಅದನ್ನು ಅಷ್ಟು ಬೇಗ ದಾಟಲು ಆಗುವುದಿಲ್ಲ. ತನ್ನ ಮಡಿಲು ಬರಿದಾದದ್ದನ್ನು ಕಂಡ ತಾಯಿ ಮತ್ತೊಬ್ಬಳ ನೋವಿನ ಕರೆಗೆ ಓಗೊಟ್ಟು ಹೋಗುತ್ತಿದ್ದಳು, ಹುಟ್ಟಿದ ಕೂಸನ್ನು ಒರೆಸಿ ಅದರ ತಾಯಿಯ ಪಕ್ಕ ಮಲಗಿಸುತ್ತಿದ್ದಳು. ಇದಕ್ಕೆ ಎಷ್ಟು ಗಟ್ಟಿ ಎದೆ ಬೇಕು ಎಂಬುದು ಹೆತ್ತು ಕಳೆದುಕೊಂಡವರಿಗೇ ಗೊತ್ತು.

ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ, ಜೀವ ಹೇಗಿದೆ ಎಂದು ನರಸಮ್ಮ ಹೇಳುತ್ತಿದ್ದರು ಎಂಬುದು ಪ್ರಸಿದ್ಧ. ಇದನ್ನು ಪವಾಡವೆಂಬಂತೆ ಬರೆಯುವವರಿದ್ದಾರೆ. ಪವಾಡ ಎಂದುಬಿಟ್ಟರೆ ಆಕೆ ಕಷ್ಟಪಟ್ಟು ಕಲಿತದ್ದನ್ನು ಕಸಿದುಕೊಂಡಂತೆ. ಅದು ವಿದ್ಯೆ, ಅದಕ್ಕೊಂದು ಕ್ರಮವಿದೆ. ನೋವು ಬಂದು ಹೊಟ್ಟೆ ಕಲ್ಲಿನಂತೆ ಬಿಗಿದಾಗ ಒತ್ತಬಾರದು, ನೋವು ಇಳಿದು ಮೆತ್ತಗಾಗುವ ತನಕ ಕಾಯಬೇಕು. ಕೈ ಬೆಚ್ಚಗಿರಬೇಕು, ತಣ್ಣನೆಯ ಕೈ ತಗುಲಿದರೆ ಹೊಟ್ಟೆ ಬಿಗಿದುಕೊಳ್ಳುತ್ತದೆ. ಬೆರಳ ತುದಿಯಿಂದ ತಿವಿಯದೆ ಇಡೀ ಅಂಗೈ ಊರಿ ನೋಡಬೇಕು. ತಲೆಯಾದರೆ ಗುಂಡಗೆ, ಗಟ್ಟಿಯಾಗಿ ಸಿಕ್ಕಿ, ಮೆಲ್ಲಗೆ ತಳ್ಳಿದರೆ ತಾನೊಂದೇ ಅಲುಗುತ್ತದೆ. ಕುಂಡೆಯಾದರೆ ಮೆತ್ತಗೆ, ಅಲುಗಿಸಿದರೆ ಇಡೀ ಮೈ ಜೊತೆಗೆ ಅಲುಗುತ್ತದೆ. ಬೆನ್ನಿನ ಕಡೆ ನುಣುಪು. ಅದರ ಎದುರು ಬದಿಯಲ್ಲಿ ಕೈಕಾಲುಗಳ ಸಣ್ಣ ಸಣ್ಣ ಗಂಟುಗಳು.

ಇದನ್ನೇ ಇವತ್ತಿಗೂ ನರ್ಸಿಂಗ್ ಕಾಲೇಜಿನ ಹುಡುಗಿಯರು ನಾಲ್ಕು ಹಂತಗಳಾಗಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಮಾಡಿ ತೋರಿಸುತ್ತಾರೆ. ಪಠ್ಯದಲ್ಲಿ ಅದಕ್ಕಿರುವ ಹೆಸರು ಲಿಯೋಪೋಲ್ಡ್ ವಿಧಾನ. 1894ರಲ್ಲಿ ಜರ್ಮನಿಯ ಪ್ರಸೂತಿ ವೈದ್ಯ ಲಿಯೋಪೋಲ್ಡ್ ಅದನ್ನು ಕ್ರಮವಾಗಿ ಬರೆದಿಟ್ಟರು. ಬರೆದಿಟ್ಟದ್ದು ದೊಡ್ಡ ಉಪಕಾರ. ಹಾಗೆ ಬರೆದಿಟ್ಟದ್ದರಿಂದಲೇ ಅದನ್ನು ಪರೀಕ್ಷಿಸಲು, ತಿದ್ದಲು, ಸಾವಿರಾರು ಜನರಿಗೆ ಕಲಿಸಲು ಆಯಿತು. ಮರಿಗೆಮ್ಮನಿಗೆ ಬರಹ ಇರಲಿಲ್ಲ. ಬರಹ ಬಲ್ಲವರು ಅಂಥವರ ಪಕ್ಕ ಕೂತು ಕೇಳಲಿಲ್ಲ. ನಮ್ಮ ಸೀಮೆಯ ಸೂಲಗಿತ್ತಿಯರು ಕಂಡುಕೊಂಡದ್ದರಲ್ಲಿ ಎಷ್ಟೋ ಹೀಗೆ ಅವರ ಜೊತೆಗೇ ಮಣ್ಣಾಯಿತು. ಅದರಲ್ಲಿ ಯಾವುದು ನಿಜ, ಯಾವುದು ಬರಿಯ ನಂಬಿಕೆ ಎಂದು ಜರಡಿ ಹಿಡಿಯುವ ಅವಕಾಶವೂ ಅದರೊಂದಿಗೇ ಹೋಯಿತು.

ಹಾಗೆಂದು ಹಳೆಯ ಕಾಲವನ್ನು ಹೊಗಳುತ್ತ ಕೂರುವುದು ತಾಯಂದಿರಿಗೆ ಬಗೆಯುವ ದ್ರೋಹ. ಕುಡುಗೋಲಿನಿಂದಲೋ ತುಕ್ಕು ಹಿಡಿದ ಬ್ಲೇಡಿನಿಂದಲೋ ಹೊಕ್ಕುಳಬಳ್ಳಿ ಕೊಯ್ದು, ವಾರದೊಳಗೆ ಧನುರ್ವಾಯುವಿನಿಂದ ಸೆಟೆದುಕೊಂಡು ಸತ್ತ ಕೂಸುಗಳಿಗೆ ಲೆಕ್ಕವಿಲ್ಲ. ಮಾಸು ಬೀಳದೆ, ರಕ್ತ ನಿಲ್ಲದೆ ಹೋದ ಬಾಣಂತಿಯರೂ ಅಷ್ಟೇ. ಅಂಥ ರಕ್ತಸ್ರಾವಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಬೇಕು, ರಕ್ತದ ಬಾಟಲಿ ಬೇಕು, ಆಪರೇಷನ್ ಮಾಡಬಲ್ಲ ಡಾಕ್ಟರು ಬೇಕು. ಯಾವ ನಾರುಬೇರೂ ಅದಕ್ಕೆ ಸಾಟಿಯಲ್ಲ. ಕರ್ನಾಟಕದಲ್ಲಿ 2001–03ರ ಹೊತ್ತಿಗೆ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಈಗ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆಶಾ ಕಾರ್ಯಕರ್ತೆಯರು, ಸಬ್‌ಸೆಂಟರಿನ ಸಿಸ್ಟರುಗಳು, 108 ಆಂಬುಲೆನ್ಸ್, ಇವರೆಲ್ಲ ಸೇರಿ ಉಳಿಸಿದ ಜೀವಗಳಿವು. ಈ ದಾರಿಯಲ್ಲಿ ಹಿಂದಕ್ಕೆ ಹೋಗುವ ಮಾತೇ ಇಲ್ಲ.

ಇನ್ನೊಂದನ್ನೂ ಹೇಳಲೇಬೇಕು. ಬಹಳಷ್ಟು ಊರುಗಳಲ್ಲಿ ಸೂಲಗಿತ್ತಿಯರು ಕೆಳಗಿನವರೆನಿಸಿಕೊಂಡ ಜಾತಿಗಳ ಹೆಂಗಸರು. ನೋವು ಬಂದ ರಾತ್ರಿ ಮನೆಯ ಒಳಕೋಣೆಯ ತನಕ ಕರೆದೊಯ್ಯುತ್ತಿದ್ದರು. ಪುರುಡು ಕಳೆದ ಮೇಲೆ ಅದೇ ಹೆಂಗಸು ಹೊಸಿಲಾಚೆ ನಿಲ್ಲಬೇಕಿತ್ತು. ತನ್ನ ಕೈಯಲ್ಲೇ ಹುಟ್ಟಿದ ಮಗುವನ್ನು ಆಕೆ ಅಂಗಳದಿಂದಲೇ ನೋಡಿ ಹೋಗಬೇಕಾಗುತ್ತಿತ್ತು. ಈ ಅನ್ಯಾಯವನ್ನು ಒಂದು ಪದ್ಮಶ್ರೀ ತೊಳೆಯಲಾರದು.

ಹಾಗಾದರೆ ನರಸಮ್ಮನಂಥವರಿಂದ ನಾವು ಉಳಿಸಿಕೊಳ್ಳಬೇಕಾದ್ದು ಏನು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಜೊತೆಗೆ ಕೂರುವುದು. ಸೂಲಗಿತ್ತಿ ಬಂದರೆ ಕೂಸು ಹುಟ್ಟುವ ತನಕ ಏಳುತ್ತಿರಲಿಲ್ಲ. ಸೊಂಟ ನೀವುತ್ತ, ಹರಳೆಣ್ಣೆ ಸವರುತ್ತ, ‘ಇನ್ನೇನು ಆಯ್ತು ಕಣವ್ವ, ಉಸಿರು ಬಿಡು’ ಎನ್ನುತ್ತ ಇಡೀ ರಾತ್ರಿ ಅಲ್ಲೇ ಇರುತ್ತಿದ್ದಳು. ಈಗಿನ ಹೆರಿಗೆ ವಾರ್ಡಿನಲ್ಲಿ ಎಲ್ಲ ಸೌಲಭ್ಯ ಇದ್ದರೂ ಹೆಣ್ಣು ಅನೇಕ ಸಲ ಒಂಟಿ. ತಾಯಿ, ಅತ್ತೆ ಕಾರಿಡಾರಿನಲ್ಲಿ. ಒಬ್ಬಳೇ ಸಿಸ್ಟರು ಹಲವು ಮಂಚಗಳನ್ನು ನೋಡಬೇಕು. ಆಕೆಯನ್ನು ದೂರುವುದು ಸರಿಯಲ್ಲ, ಆಕೆಗಿರುವುದು ಎರಡೇ ಕೈ.

ಜೊತೆಗಿರುವುದು ಬರಿಯ ಸಮಾಧಾನದ ಮಾತಲ್ಲವೆಂದು ವೈದ್ಯವಿಜ್ಞಾನವೇ ತೋರಿಸಿದೆ. 2017ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ 26 ಪ್ರಯೋಗಗಳ 15,000ಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ಒಟ್ಟುಹಾಕಿ ನೋಡಿತು. ಹೆರಿಗೆಯ ಉದ್ದಕ್ಕೂ ಒಬ್ಬರು ಜೊತೆಗಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿ ಕಡಿಮೆ. ಸಿಸೇರಿಯನ್ ಹೆರಿಗೆಗಳು ನೂರಕ್ಕೆ ಮೂವತ್ತು ದಾಟಿರುವ ನಮ್ಮ ರಾಜ್ಯ ಇದನ್ನು ಕಿವಿಗೆ ಹಾಕಿಕೊಳ್ಳಬೇಕು. ನರಸಮ್ಮ ತೀರಿಕೊಂಡ ವರ್ಷವೇ ಕೇಂದ್ರ ಸರ್ಕಾರ ಪ್ರಸೂತಿ ಸೇವೆಯ ಹೊಸ ಮಾರ್ಗಸೂಚಿ ಹೊರಡಿಸಿ, ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು ಸಹಜ ಹೆರಿಗೆಯ ಹೊಣೆಯನ್ನು ಅವರಿಗೆ ಒಪ್ಪಿಸುವ ದಾರಿ ತೆರೆಯಿತು. ಆ ತರಬೇತಿ ಪ್ರತಿ ತಾಲ್ಲೂಕು ಆಸ್ಪತ್ರೆಯನ್ನು ಮುಟ್ಟಬೇಕು.

ಅದಾಗುವ ತನಕ ನಾವು ಮಾಡಬಹುದಾದ ಕೆಲಸವೊಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಹೊತ್ತಿಗೆ ಮನೆಯ ಹೆಂಗಸೊಬ್ಬರು ಒಳಗೆ ಜೊತೆಗಿರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ತಾನೂ ಹೆತ್ತ ಅನುಭವ ಇರುವವಳಾದರೆ ಒಳ್ಳೆಯದು ಎಂದೂ ಹೇಳಿದೆ. ನಿಮ್ಮ ಮಗಳು, ಸೊಸೆ, ತಂಗಿ ಹೆರಿಗೆಗೆ ಸೇರಿದಾಗ ಈ ಮಾತನ್ನು ಮೊದಲೇ ಡಾಕ್ಟರ ಹತ್ತಿರ ಆಡಿ. ಕೈಕಾಲು ತೊಳೆದುಕೊಂಡು, ಸಿಸ್ಟರ ಮಾತು ಕೇಳಿಕೊಂಡು, ಒಬ್ಬರು ಒಳಗೆ ಹೋಗಿ ಅವಳ ಪಕ್ಕ ಕೂತಿರಿ.