ಅಶ್ವಶಕ್ತಿಗೂ ಒಂದು ತಕ್ಕಡಿ ಬೇಕು

ಅಮೆರಿಕದ ಡ್ರ್ಯಾಗ್ ರೇಸಿಂಗ್‌ನಲ್ಲಿ ಸ್ಟಾಕ್, ಸೂಪರ್ ಸ್ಟಾಕ್ ಎಂಬ ಎರಡು ವಿಭಾಗಗಳಿವೆ. ಕಂಪನಿ ಮಾದರಿಯ ಕಾರುಗಳನ್ನೇ ಸಜ್ಜುಗೊಳಿಸಿ ಕಾಲು ಮೈಲಿ ಓಡಿಸುವ ಸ್ಪರ್ಧೆ. ಯಾವ ಕಾರು ಯಾವ ವರ್ಗಕ್ಕೆ ಎಂಬುದನ್ನು ತೀರ್ಮಾನಿಸುವುದು ಒಂದು ಭಾಗಾಕಾರ: ತೂಕವನ್ನು ಎಂಜಿನ್ನಿನ ಅಶ್ವಶಕ್ತಿಯಿಂದ ಭಾಗಿಸುವುದು. ತೂಕವನ್ನು ತಕ್ಕಡಿ ಹೇಳುತ್ತದೆ. ಅಶ್ವಶಕ್ತಿಯನ್ನು ಹೇಳುವುದು ಕಾಗದ. ತಕರಾರು ಹುಟ್ಟುವುದು ಇಲ್ಲೇ.

ಕಾಗದದ ಸುಳ್ಳು ಹಳೆಯದು. 1968ರಲ್ಲಿ ಫೋರ್ಡ್ ತನ್ನ 428 ಕೋಬ್ರಾ ಜೆಟ್ ಎಂಜಿನ್ನಿಗೆ ಬರೆದದ್ದು ಬರೀ 335 ಅಶ್ವಶಕ್ತಿ. ಷೆವ್ರೊಲೆ ರೇಸಿಗೆಂದೇ ಕಟ್ಟಿದ ಎಲ್88ಕ್ಕೆ 430 ಎಂದಿತು. ಅದಕ್ಕಿಂತ ಸೌಮ್ಯವಾದ ಎಲ್71ಕ್ಕೆ 435! ಲೆಕ್ಕ ಸರಳ: 3,400 ಪೌಂಡಿನ ಕಾರಿಗೆ 340 ಎಂದು ಬರೆದರೆ ಭಾಗಲಬ್ಧ 10, ನಿಜವಾದ ಶಕ್ತಿ 400 ಇದ್ದರೆ 8.5. ಬಲಶಾಲಿ ದುರ್ಬಲರ ಪಂಕ್ತಿಯಲ್ಲಿ ಕೂತು ಉಂಡಂತೆ.

ಹಾಗಾಗಿ ಸ್ಪರ್ಧೆ ನಡೆಸುವ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ತನ್ನದೇ ಅಂಕಿ ನಿಗದಿ ಮಾಡುತ್ತದೆ. ಪ್ರತಿ ವರ್ಗಕ್ಕೂ ಒಂದು ಸೂಚ್ಯಂಕ ಸಮಯವಿದೆ. ಅದಕ್ಕಿಂತ ತೀರಾ ಬೇಗ ಗುರಿ ಮುಟ್ಟುವ ಎಂಜಿನ್ನಿಗೆ ಅಶ್ವಶಕ್ತಿ ಏರುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಏರಿಕೆ ಬೀಳುವುದು ಓಡಿಸಿದವನೊಬ್ಬನ ಮೇಲಲ್ಲ, ಅದೇ ಎಂಜಿನ್ ಇಟ್ಟುಕೊಂಡ ಎಲ್ಲರ ಮೇಲೆ. ದುಡ್ಡು ಸುರಿದು ಎಂಜಿನ್ ಪಳಗಿಸಿದವನ ವೇಗಕ್ಕೆ ಮನೆಯ ಶೆಡ್ಡಿನಲ್ಲಿ ಕೆಲಸ ಮಾಡುವವನೂ ದಂಡ ತೆರಬೇಕು.

ಪರಿಣಾಮವೇನು? ಗುರಿಗೆ ಮುಂಚೆಯೇ ಬ್ರೇಕ್ ಒತ್ತಿ ವೇಗ ಮುಚ್ಚಿಡುವುದು ಜಾಣತನವಾಗಿದೆ. ಒಂದೇ ವರ್ಗದ ಇಬ್ಬರು ಎದುರಾದಾಗ ಮಾತ್ರ ಮುಚ್ಚಿಟ್ಟದ್ದೆಲ್ಲ ಹೊರಬರುತ್ತದೆ, ಏಕೆಂದರೆ ಅಲ್ಲಿ ಯಾರಿಗೂ ಮುನ್ನಡೆ ಸಿಗುವುದಿಲ್ಲ. ಪ್ರಾಮಾಣಿಕವಾಗಿ ಓಡಿಸಿದವನನ್ನು ಜೊತೆಗಾರರೇ ಶಪಿಸುವ ನಿಯಮ ನ್ಯಾಯದ ನಿಯಮವಲ್ಲ.

ಇದೂ ಆಟದ ತಂತ್ರವೇ ಎನ್ನುವವರಿದ್ದಾರೆ. ತಂತ್ರ ಸ್ಪರ್ಧಿಯದಾಗಿರಲಿ, ಅಳತೆಗೋಲೇ ಸ್ಪರ್ಧಿಯ ಕಾಲ ಕೆಳಗಿರಬಾರದು. ಡೈನೋ ಯಂತ್ರಗಳು ಒಂದರಂತೆ ಒಂದು ಅಳೆಯುವುದಿಲ್ಲ ಎಂಬ ಆಕ್ಷೇಪ ನಿಜ. ಎಲ್ಲ ಎಂಜಿನ್ನುಗಳನ್ನೂ ಒಂದೇ ಡೈನೋದಲ್ಲಿ ಅಳೆದರೆ ಆ ದೋಷ ಎಲ್ಲರಿಗೂ ಸಮ. 60, 330, 660 ಅಡಿಗಳ ಸಮಯವೂ ಪ್ರತಿ ಓಟದಲ್ಲಿ ದಾಖಲಾಗುತ್ತದೆ. ಕೊನೆಯಲ್ಲಿ ಒತ್ತಿದ ಬ್ರೇಕ್ ಅದನ್ನು ಅಳಿಸಲಾರದು. ಅಂಕಿ ಏರಿಸುವಾಗ ಒಬ್ಬನ ಓಟವಲ್ಲ, ಹಲವರ ಓಟ ಮತ್ತು ಡೈನೋದ ಅಳತೆ ಎರಡೂ ಸಾಕ್ಷಿಯಾಗಲಿ. ತೂಕಕ್ಕೆ ತಕ್ಕಡಿ ಇಟ್ಟವರು ಶಕ್ತಿಗೂ ಒಂದನ್ನು ಇಡಲಿ.